ದೋಣಿಯೂ ಬಿಸಿಲೂ

ದೋಣಿಯ ಶತ್ರು ಯಾರೆಂದು ಕೇಳಿದರೆ ಹತ್ತಕ್ಕೆ ಒಂಬತ್ತು ಮಂದಿ ನೀರೆಂದೇ ಉತ್ತರ ಕೊಟ್ಟಾರು. ನೀರಿನ ಮೇಲೆಯೇ ಬಾಳಬೇಕಾದ ವಸ್ತುವಿಗೆ ನೀರೇ ಶತ್ರುವಾದುದು ವಿಚಿತ್ರವೆಂದು ತೋರಿದರೂ ಆ ಉತ್ತರ ಸುಳ್ಳಲ್ಲ. ಮರವು ನೀರು ಕುಡಿದು ಉಬ್ಬುತ್ತದೆ. ದಡದಲ್ಲಿ ಒಣಗಿ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ ಕೊನೆಗೊಮ್ಮೆ ಸೀಳು ಬಿಡುತ್ತದೆ. ಸೀಳಿನಲ್ಲಿ ನಿಂತ ತೇವದಿಂದ ಬೂಷ್ಟು ಹಿಡಿದು ಮರ ಮೆತ್ತಗಾಗುತ್ತದೆ. ಉಪ್ಪುನೀರಿನಲ್ಲಾದರೆ ಮರ ಕೊರೆಯುವ ಹುಳುಗಳ ಬಾಧೆ ಬೇರೆ. ಆದುದರಿಂದ ದೋಣಿ ಕಟ್ಟುವವರ ಬುದ್ಧಿಯೆಲ್ಲ ತಲೆತಲಾಂತರದಿಂದ ನೀರನ್ನು ಮರದ ಒಳಗೆ ಬಿಡದಿರುವ ಒಂದೇ ಕೆಲಸಕ್ಕೆ ವೆಚ್ಚವಾಗಿದೆ. ರಾಳ, ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ, ಡಾಮರು, ಇವೆಲ್ಲವೂ ಈ ಪ್ರಯತ್ನದ ಬೇರೆ ಬೇರೆ ಹೆಸರುಗಳೆಂದೇ ಹೇಳಬಹುದು.

ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸವನ್ನು ಮಿಕ್ಕೆಲ್ಲಕ್ಕಿಂತ ಚೆನ್ನಾಗಿ ಮಾಡುವ ಒಂದು ವಸ್ತು ದೊರೆಯಿತು. ಅದರ ಹೆಸರು ಎಪಾಕ್ಸಿ. ಸರಿಯಾಗಿ ಬಳಿದ ಎಪಾಕ್ಸಿಯನ್ನು ದಾಟಿ ನೀರು ಮರಕ್ಕೆ ಮುಟ್ಟುವುದು ಬಹಳ ಕಷ್ಟ. ಆದರೆ ಕೆಳಗಿನಿಂದ ಬರುವ ಶತ್ರುವನ್ನು ತಡೆದು ನಿಲ್ಲಿಸಿದ ಈ ವಸ್ತುವಿಗೆ ಮೇಲಿನಿಂದ ಬರುವ ಶತ್ರುವಿನೆದುರು ಬಲವಿಲ್ಲ. ಬಿಸಿಲಿಗೆ ಬಿಟ್ಟ ಎಪಾಕ್ಸಿ ಕೆಲವೇ ವರ್ಷಗಳಲ್ಲಿ ಕೆಡುತ್ತದೆ. ಅದು ಏಕೆ ಕೆಡುತ್ತದೆ, ಹೇಗೆ ಕೆಡುತ್ತದೆ, ಅದನ್ನು ಕಾಪಾಡುವ ಬಗೆ ಯಾವುದು ಎಂಬುದನ್ನು ತಿಳಿದ ಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಇದು ರಸಾಯನಶಾಸ್ತ್ರದವರ ಹೊಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ತರಗತಿಯ ನಾನು ಬೇಲಿ ಹಾರಿ ಬಂದುದಕ್ಕೆ ಅಧ್ಯಾಪಕ ಮಹಾಶಯರು ಮನ್ನಿಸಬೇಕು. ದೋಣಿ ನಮ್ಮ ಮನೆಯ ಅನ್ನದ ವಿಷಯವಾದುದರಿಂದ ಈ ಹೊಲಕ್ಕೆ ಕಾಲಿಡದೆ ನನಗೆ ಗತಿಯಿರಲಿಲ್ಲ.

ಎಪಾಕ್ಸಿಯನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಅಂಗಡಿಯಲ್ಲಿ ಅರಾಲ್ಡೈಟ್ ಎಂಬ ಹೆಸರಿನಲ್ಲಿ ಎರಡು ಪುಟ್ಟ ಕೊಳವೆಗಳನ್ನು ಜೊತೆಯಾಗಿ ಮಾರುತ್ತಾರಲ್ಲವೆ? ಅದೇ ಎಪಾಕ್ಸಿ. ಒಂದು ಕೊಳವೆಯಲ್ಲಿರುವುದು ರಾಳ. ಇನ್ನೊಂದರಲ್ಲಿರುವುದು ಅದನ್ನು ಗಟ್ಟಿಮಾಡುವ ದ್ರವ್ಯ, ಹಾರ್ಡನರ್. ಬೇರೆ ಬೇರೆಯಾಗಿದ್ದಾಗ ಎರಡೂ ಜೇನಿನಂತೆ ಹರಿಯುತ್ತವೆ. ಬೆರೆಸಿದರೆ ಸ್ವಲ್ಪ ಹೊತ್ತಿನಲ್ಲಿ ಬಿಸಿಯಾಗಿ, ಅಂಟಾಗಿ, ಕೊನೆಗೆ ಕಲ್ಲಿನಂತಾಗುತ್ತವೆ. ಸ್ವಿಟ್ಜರ್ಲೆಂಡಿನ ಪಿಯರೆ ಕಾಸ್ತಾನ್ ಮತ್ತು ಅಮೆರಿಕದ ಸಿಲ್ವನ್ ಗ್ರೀನ್ಲೀ ಎಂಬಿಬ್ಬರು 1930ರ ಮತ್ತು 1940ರ ದಶಕಗಳಲ್ಲಿ ನಡೆಸಿದ ಕೆಲಸದಿಂದ ಈ ರಾಳ ಬಳಕೆಗೆ ಬಂದಿತು. ಅದನ್ನು ಮರದ ದೋಣಿಗೆ ಹಿಡಿಸಿದವರಲ್ಲಿ ಮುಖ್ಯರಾದವರು ಅಮೆರಿಕದ ಮಿಶಿಗನ್ ಪ್ರಾಂತದ ಬೇ ಸಿಟಿಯ ಗೂಜನ್ ಸೋದರರು. ಅವರು 1969ರಲ್ಲಿ ಸಂಸ್ಥೆ ಕಟ್ಟಿ, ಮರದ ಪ್ರತಿಯೊಂದು ಮೈಯನ್ನೂ ಎಪಾಕ್ಸಿಯಿಂದ ಮುಚ್ಚಿ, ಎಪಾಕ್ಸಿಯಿಂದಲೇ ಅಂಟಿಸಿ ದೋಣಿ ಕಟ್ಟುವ ಕ್ರಮವನ್ನು ಪ್ರಚಾರಕ್ಕೆ ತಂದರು. ಮೊಳೆಯ ತೂತಿಲ್ಲ, ತೂತಿಲ್ಲದುದರಿಂದ ನೀರಿಗೆ ದಾರಿಯಿಲ್ಲ.

ನಮ್ಮ ನೆರೆಯಲ್ಲಿಯೇ ಇದಕ್ಕೊಂದು ಉತ್ತಮ ಉದಾಹರಣೆಯಿದೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ನದಿ ಗೋವೆಯನ್ನು ಹೊಕ್ಕು ಮಾಂಡೋವಿ ಎನಿಸಿಕೊಳ್ಳುತ್ತದೆ. ಆ ನದಿಯೊಳಗಿನ ದಿವಾರ್ ದ್ವೀಪದಲ್ಲಿ ಭಾರತೀಯ ನೌಕಾಪಡೆಗಾಗಿ ಕಟ್ಟಿದ ಮಾದೇಯಿ ಎಂಬ ಹಾಯಿನೌಕೆ 2009ರಲ್ಲಿ ಆ ಪಡೆಯನ್ನು ಸೇರಿತು. ಅದರ ಒಡಲು ಸೀಡರ್ ಮರದ ಪಟ್ಟಿಗಳಿಂದಾದುದು; ಪಟ್ಟಿಗಳ ಮೇಲೆ ಗಾಜಿನ ನಾರಿನ ಬಟ್ಟೆ, ಬಟ್ಟೆಗೆ ಎಪಾಕ್ಸಿ. ಈ ನೌಕೆಯಲ್ಲಿ ದಿಲೀಪ್ ದೋಂದೆಯವರು 2009-10ರಲ್ಲಿ ಒಬ್ಬರೇ ಭೂಮಿಯನ್ನು ಸುತ್ತಿ ಬಂದರು. ಅಭಿಲಾಷ್ ಟಾಮಿಯವರು 2012-13ರಲ್ಲಿ ಎಲ್ಲಿಯೂ ತಂಗದೆ ಸುತ್ತಿ ಬಂದರು. ನೌಕೆಯ ಚಿತ್ರವನ್ನು ನೋಡಿದವರಿಗೆ ಹೊರಮೈಯಲ್ಲಿ ಆ ಸೀಡರ್ ಮರ ಕಾಣುವುದಿಲ್ಲ. ಕಾಣುವುದು ಬರಿಯ ಬಣ್ಣ. ಅಷ್ಟು ಚೆಂದದ ಮರವನ್ನು ಬಣ್ಣದಡಿ ಏಕೆ ಮುಚ್ಚಿದರೆಂಬುದು ಮುಂದೆ ತಿಳಿಯುತ್ತದೆ.

ಇಲ್ಲಿ ಒಂದು ಭೇದವನ್ನು ಹೇಳಿಬಿಡಬೇಕು. ಕಾರವಾರದಿಂದ ಮಂಗಳೂರಿನ ವರೆಗೆ ನಾವು ಫೈಬರ್ ದೋಣಿಯೆಂದು ಕರೆಯುವವುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ರಾಳದವು, ಎಪಾಕ್ಸಿಯವಲ್ಲ. ಪಾಲಿಯೆಸ್ಟರಿಗೆ ಬೆಲೆ ಕಡಿಮೆ. ಅದರ ಮೇಲೆ ಬಣ್ಣ ಬೆರೆತ ಜೆಲ್‌ಕೋಟ್ ಎಂಬ ಪದರ ಮೊದಲೇ ಇರುತ್ತದೆ. ಆದರೆ ಪಾಲಿಯೆಸ್ಟರ್ ಮರವನ್ನು ಎಪಾಕ್ಸಿಯಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಆದುದರಿಂದ ಹಳೆಯ ಮರದ ದೋಣಿಗೆ ಹೊಸ ಮೈ ಹೊದಿಸುವಾಗ ಎಪಾಕ್ಸಿಯೇ ಮೇಲೆಂದು ತಿಳಿದವರು ಹೇಳುತ್ತಾರೆ. ಬಿಸಿಲಿನ ವಿಚಾರದಲ್ಲಿ ಮಾತ್ರ ಎರಡೂ ರಾಳಗಳ ಹಣೆಬರಹ ಒಂದೇ. ಫೈಬರ್ ದೋಣಿಯ ಜೆಲ್‌ಕೋಟ್ ಸವೆದು ಗಾಜಿನ ನಾರು ಮೇಲೆದ್ದಾಗ ಅಂಚಿನ ಮೇಲೆ ಕುಳಿತವರ ತೊಡೆಗೆ ಹತ್ತುವ ತುರಿಕೆಯನ್ನು ಕರಾವಳಿಯವರಿಗೆ ವರ್ಣಿಸಿ ಹೇಳಬೇಕಾಗಿಲ್ಲ.

ಈಗ ಬಿಸಿಲಿನ ಕಡೆಗೆ ಬರೋಣ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. 400ಕ್ಕಿಂತ ಕಡಿಮೆ ಅಲೆಯುದ್ದದ ಕಿರಣಗಳು ನೇರಳಾತೀತ ಕಿರಣಗಳು. ಅವುಗಳಲ್ಲಿ ಅತ್ಯಂತ ಕ್ರೂರವಾದವನ್ನು ಆಕಾಶದ ಓಜೋನ್ ಪದರ ತಡೆಯುತ್ತದೆ. ಸುಮಾರು 290ಕ್ಕಿಂತ ಮೇಲಿನವು ಮಾತ್ರ ನೆಲಕ್ಕೆ ತಲುಪುತ್ತವೆ. ನೆಲಕ್ಕೆ ಬೀಳುವ ಬಿಸಿಲಿನ ಒಟ್ಟು ಶಕ್ತಿಯಲ್ಲಿ ಇವುಗಳ ಪಾಲು ನೂರಕ್ಕೆ ಸುಮಾರು 5 ಮಾತ್ರ. ಆದರೆ ಹಾನಿಯ ಲೆಕ್ಕದಲ್ಲಿ ಈ ಐದೇ ಉಳಿದ ತೊಂಬತ್ತೈದನ್ನು ಮೀರಿಸುತ್ತದೆ. ಬೆಳಕು ಬಿಡಿ ಬಿಡಿ ಕಣಗಳಂತೆ ಬಡಿಯುತ್ತದೆಂದೂ, ಅಲೆಯುದ್ದ ಕಡಿಮೆಯಾದಷ್ಟೂ ಒಂದೊಂದು ಏಟಿನ ಬಲ ಹೆಚ್ಚುತ್ತದೆಂದೂ ಭೌತಶಾಸ್ತ್ರ ಹೇಳುತ್ತದೆ. ಕೆಂಪು ಬೆಳಕು ಸಾವಿರ ಸಲ ಬಡಿದರೂ ಮುರಿಯದ ಅಣುವಿನ ಕೊಂಡಿಯನ್ನು 300 ನ್ಯಾನೋಮೀಟರಿನ ಒಂದೇ ಏಟು ಮುರಿಯಬಲ್ಲುದು.

ಗಟ್ಟಿಯಾದ ಎಪಾಕ್ಸಿಯನ್ನು ಒಂದು ಬಲೆಯೆಂದು ಭಾವಿಸಿಕೊಳ್ಳಿರಿ. ನಾವು ಬೀಸುವ ಬಲೆ ಹಾಳೆಯಂತೆ ಹರಡಿಕೊಳ್ಳುತ್ತದೆ. ಇದು ಉದ್ದ, ಅಗಲ, ದಪ್ಪ ಮೂರೂ ಕಡೆಗೆ ಹೆಣೆದುಕೊಂಡ ಬಲೆ. ರಾಳದ ಅಣುಗಳು ಅದರ ನೂಲು. ಹಾರ್ಡನರಿನ ಅಣುಗಳು ಗಂಟು. ಸಾಮಾನ್ಯ ಎಪಾಕ್ಸಿಯ ನೂಲಿನಲ್ಲಿ ಬಿಸ್ಫೆನಾಲ್-ಎ ಎಂಬ ತುಂಡುಗಳು ಸಾಲಾಗಿ ಸೇರಿಕೊಂಡಿರುತ್ತವೆ. ಎಪಾಕ್ಸಿಗೆ ಗಟ್ಟಿತನ ಬರುವುದು ಬಹುಮಟ್ಟಿಗೆ ಇವುಗಳಲ್ಲಿರುವ ಬೆಂಜೀನ್ ಉಂಗುರಗಳಿಂದ. ದುರ್ದೈವವೇನೆಂದರೆ, ನೆಲಕ್ಕೆ ತಲುಪುವ ನೇರಳಾತೀತ ಕಿರಣಗಳಲ್ಲಿ ತುದಿಯವನ್ನು ಹೀರಿಕೊಳ್ಳುವವೂ ಇವೇ ಉಂಗುರಗಳು. ಬಲಕ್ಕೆ ಕಾರಣವಾದುದೇ ಕೇಡಿಗೂ ಕಾರಣವಾಗುತ್ತದೆ. ಹೀರಿದ ಶಕ್ತಿಯಿಂದ ನೂಲು ಅಲ್ಲಲ್ಲಿ ಕಡಿಯುತ್ತದೆ. ಕಡಿದ ತುದಿಗಳಿಗೆ ಗಾಳಿಯ ಆಮ್ಲಜನಕ ಅಂಟಿಕೊಂಡು ಅಕ್ಕಪಕ್ಕದ ನೂಲುಗಳನ್ನೂ ಕೆಡಿಸುತ್ತದೆ. ಮೊದಲು ಹೊಳಪು ಹೋಗುತ್ತದೆ, ಮೈ ಹಳದಿಯಾಗುತ್ತದೆ. ಆಮೇಲೆ ಮೇಲುಪದರ ಪುಡಿಯಾಗಿ, ಕೈಯಿಂದ ಒರಸಿದರೆ ಸೀಮೆಸುಣ್ಣದಂತೆ ಹತ್ತುತ್ತದೆ.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮೇಲಿನ ಪುಡಿಯನ್ನು ಉಜ್ಜಿ ತೆಗೆದು ಇನ್ನೊಂದು ಕೈ ಬಳಿದರೆ ಮುಗಿಯುತ್ತಿತ್ತು. ನಿಜವಾದ ಹಾನಿ ಕಣ್ಣಿಗೆ ಕಾಣದ ಜಾಗದಲ್ಲಿ ನಡೆಯುತ್ತದೆ. ಬಣ್ಣವಿಲ್ಲದ ಎಪಾಕ್ಸಿ ಗಾಜಿನಂತೆ ಪಾರದರ್ಶಕ. ತುದಿಯ ಕಿರಣಗಳನ್ನು ತಾನು ಹೀರಿದರೂ, 300ಕ್ಕೂ 400ಕ್ಕೂ ನಡುವಣ ಕಿರಣಗಳಲ್ಲಿ ಬಹುಭಾಗವನ್ನು ಅದು ಒಳಕ್ಕೆ ಬಿಟ್ಟುಬಿಡುತ್ತದೆ. ಅವು ನೇರವಾಗಿ ಮರದ ಮೇಲೆ ಬೀಳುತ್ತವೆ. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತು ಲಿಗ್ನಿನ್. ಬಿಸಿಲಿನಲ್ಲಿ ಬಿದ್ದ ಬೇಲಿಗೂಟ ಬೂದಿಬಣ್ಣಕ್ಕೆ ತಿರುಗುವುದು ಈ ಲಿಗ್ನಿನ್ ಕೆಟ್ಟು ಮಳೆಗೆ ತೊಳೆದುಹೋಗುವುದರಿಂದ. ಅದೇ ಕ್ರಿಯೆ ಎಪಾಕ್ಸಿಯ ಅಡಿಯಲ್ಲಿಯೂ ನಡೆಯುತ್ತದೆ. ಎಪಾಕ್ಸಿ ಹಿಡಿದುಕೊಂಡಿರುವುದು ಮರದ ಮೇಲಿನ ಬಹು ತೆಳುವಾದ ಒಂದು ಪದರವನ್ನು; ಆ ಪದರವೇ ಸಡಿಲವಾದ ಮೇಲೆ ಹಿಡಿತವೆಲ್ಲಿ? ಅಲ್ಲಲ್ಲಿ ಬೆಳ್ಳಗಿನ ಮಚ್ಚೆಗಳು ಕಾಣುತ್ತವೆ. ಅವು ಎಪಾಕ್ಸಿಯ ಮೇಲಿನ ಕಲೆಗಳಲ್ಲ. ಎಪಾಕ್ಸಿ ಮರವನ್ನು ಬಿಟ್ಟು ನಿಂತ ಜಾಗಗಳು. ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಒಳಸೇರುತ್ತದೆ. ಸೇರಿದ ನೀರಿಗೆ ಹೊರಬರಲು ದಾರಿಯಿಲ್ಲ. ಏಕೆಂದರೆ ಸುತ್ತಲೂ ಇರುವ ಗಟ್ಟಿ ಎಪಾಕ್ಸಿ ಇನ್ನೂ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿದೆ! ಹೊರಗಿನ ನೀರನ್ನು ಒಳಗೆ ಬಿಡದಿರಲೆಂದು ಬಳಿದುದು ಒಳಗಿನ ನೀರನ್ನು ಹೊರಗೆ ಬಿಡದಂತಾಗುತ್ತದೆ. ಬರಿಯ ಮರವಾದರೂ ದಡಕ್ಕೆಳೆದರೆ ಒಣಗೀತು. ಈ ಮರ ಒಣಗುವುದಿಲ್ಲ, ಕೊಳೆಯುತ್ತದೆ.

ಇದನ್ನು ನಾನು ಪುಸ್ತಕಕ್ಕಿಂತ ಮೊದಲು ನಮ್ಮ ಮನೆಯ ದೋಣಿಯಲ್ಲಿ ಓದಿದೆನೆನ್ನಬೇಕು. ಅಪ್ಪನದು ಮಾವಿನ ಮರದ ಪಾತಿದೋಣಿ. ಅಳಿವೆಯಲ್ಲಿ ಬಲೆ ಬಿಡಲು ಅಷ್ಟು ಸಾಕು. 2021ರ ಮಳೆಗಾಲ ಮುಗಿದ ಮೇಲೆ ಅದಕ್ಕೆ ಗಾಜಿನ ಬಟ್ಟೆ ಹೊದಿಸಿ, ಒಳಗೂ ಹೊರಗೂ ಎಪಾಕ್ಸಿ ಹಾಕಿಸಿದರು. ಬಣ್ಣದ ಖರ್ಚನ್ನು ಕೇಳಿದಾಗ ಪೇಟೆಯ ಅಂಗಡಿಯಾತನು, "ಇದಕ್ಕೆ ಬಣ್ಣ ಯಾಕೆ ಮಾರಾಯರೇ? ಒಮ್ಮೆ ಹಾಕಿದರೆ ನಿಮ್ಮ ಮಗನ ಕಾಲಕ್ಕೂ ಸಾಕು" ಎಂದನಂತೆ. ದೋಣಿ ಕನ್ನಡಿಯಂತೆ ಹೊಳೆಯುತ್ತಿತ್ತು. ಮಾವಿನ ಮರದ ಗೆರೆಗಳನ್ನು ಎಣಿಸಬಹುದಾಗಿತ್ತು. ನೆರೆಕೆರೆಯವರು ಬಂದು ಮುಟ್ಟಿ ನೋಡಿ ಹೋದರು. 2023ರ ಬೇಸಗೆಯ ಹೊತ್ತಿಗೆ ಹೊರಗಡೆ ಹೊಳಪು ಪೂರ್ತಿ ಇಳಿದು, ತಳದಲ್ಲಿ ಅಂಗೈಯಗಲದ ಬಿಳಿ ಮಚ್ಚೆಗಳೆದ್ದಿದ್ದವು. ಒಂದು ಮಚ್ಚೆಯ ಅಂಚಿಗೆ ಅಪ್ಪ ಚೂರಿಯ ಮೊನೆ ಹಾಕಿ ಎತ್ತಿದಾಗ ಎಪಾಕ್ಸಿಯೂ ಬಟ್ಟೆಯೂ ಒಟ್ಟಿಗೆ ಹಪ್ಪಳದಂತೆ ಎದ್ದು ಬಂದವು. ಕೆಳಗೆ ಮರ ಕಪ್ಪಾಗಿ ಒದ್ದೆಯಾಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅದೇ ದಿನ, ಅದೇ ಡಬ್ಬಿಯಿಂದ ಬಳಿದ ಒಳಮೈ ಮಾತ್ರ ಹೊಸದರಂತೆಯೇ ಇದ್ದಿತು. ಸಣ್ಣ ದೋಣಿಯನ್ನು ದಡಕ್ಕೆಳೆದಾಗ ಕವುಚಿ ಹಾಕುವುದು ನಮ್ಮ ರೂಢಿ, ಮಳೆನೀರು ನಿಲ್ಲದಿರಲೆಂದು. ಬಿಸಿಲೆಲ್ಲ ಬೀಳುವುದು ತಳದ ಮೇಲೆ, ಒಳಮೈ ನೆರಳಿನಲ್ಲಿರುತ್ತದೆ. ನೀರನ್ನು ತಡೆಯಬೇಕಾದ ಭಾಗವೂ ಅದೇ ತಳವೆ. ದೊಡ್ಡ ಹಡಗಿನ ತಳಕ್ಕೆ ನೀರಿನ ಮರೆಯಾದರೂ ಇದೆ. ಪಾತಿದೋಣಿಯ ತಳಕ್ಕೆ ರಾತ್ರಿ ನೀರು, ಹಗಲು ಬಿಸಿಲು. ಆಮೇಲೆ ನಾನು ಆ ಎಪಾಕ್ಸಿಯ ಖಾಲಿ ಡಬ್ಬಿಯನ್ನು ಹುಡುಕಿ ತೆಗೆದೆ. ದೋಣಿಯೊಳಗಿನ ನೀರು ಎತ್ತಿ ಚೆಲ್ಲಲು ಅದನ್ನು ಇಟ್ಟುಕೊಂಡಿದ್ದರು. ಹಿಂಬದಿಯಲ್ಲಿ ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಬಿಸಿಲಿಗೆ ಬೀಳುವ ಮೈಗೆ ನೇರಳಾತೀತ ಕಿರಣಗಳನ್ನು ತಡೆಯುವ ಬಣ್ಣ ಅಥವಾ ವಾರ್ನಿಷ್ ಬಳಿಯತಕ್ಕದ್ದು ಎಂದು ಸ್ಪಷ್ಟವಾಗಿ ಬರೆದಿತ್ತು. ಅಪ್ಪನಿಗೆ ಕನ್ನಡ ಪತ್ರಿಕೆ ಓದಲು ಬರುತ್ತದೆ. ಕನ್ನಡನಾಡಿನಲ್ಲಿ, ಮೀನುಗಾರರಿಗೆಂದೇ ಮಾರುವ ಡಬ್ಬಿಯ ಮೇಲೆ ಆ ಒಂದು ಸಾಲನ್ನು ಕನ್ನಡದಲ್ಲಿ ಅಚ್ಚುಹಾಕಿಸಲು ಎಷ್ಟು ಖರ್ಚಾದೀತು? ದುರಸ್ತಿಯಾಗುವ ವರೆಗೆ ಹದಿನೆಂಟು ದಿನ ನಮ್ಮ ದೋಣಿ ನೀರಿಗಿಳಿಯಲಿಲ್ಲವೆಂಬುದನ್ನು ಲೆಕ್ಕಕ್ಕೆ ಹಿಡಿದು ಯಾರಾದರೂ ಉತ್ತರ ಹೇಳಬಹುದು.

ಇನ್ನು ಪರಿಹಾರ. ಎಪಾಕ್ಸಿಯನ್ನೇ ಬಿಸಿಲು ತಾಳುವಂತೆ ಮಾಡಬಾರದೇಕೆ ಎಂದು ಕೇಳಬಹುದು. ಕಿರಣಗಳನ್ನು ತಡೆಯುವ ದ್ರವ್ಯ ಸೇರಿಸಿದ ಹಾರ್ಡನರುಗಳೂ ಸಿಗುತ್ತವೆ. ಆದರೆ ಅವುಗಳನ್ನು ತಯಾರಿಸುವವರೇ ಬಿಸಿಲಿನಲ್ಲಿರುವ ಮೈಗೆ ಮತ್ತೊಂದು ಹೊದಿಕೆ ಬೇಕೆನ್ನುತ್ತಾರೆ. ಆದುದರಿಂದ ಎಪಾಕ್ಸಿಗೆ ಕೊಡೆ ಹಿಡಿಯುವುದೊಂದೇ ಉಪಾಯ. ಕೊಡೆ ಎರಡು ಬಗೆ: ಬಣ್ಣ ಮತ್ತು ವಾರ್ನಿಷ್.

ಬಣ್ಣವೇ ಮೇಲೆಂಬುದು ನನ್ನ ಅಭಿಪ್ರಾಯ. ಅದರಲ್ಲಿಯೂ ಬಿಳಿ ಬಣ್ಣ. ಬಿಳಿ ಬಣ್ಣದ ಜೀವಾಳ ಟೈಟಾನಿಯಂ ಡೈ ಆಕ್ಸೈಡ್ ಎಂಬ ಪುಡಿ. ಕೇರಳದ ಚವರದ ಕಡಲತೀರದಲ್ಲಿ ಸಿಗುವ ಕಪ್ಪು ಮರಳಿನಿಂದ ಈ ಅಚ್ಚಬಿಳಿಯ ಪುಡಿಯನ್ನು ತೆಗೆಯುತ್ತಾರೆಂಬುದು ಸೋಜಿಗದ ಸಂಗತಿ. ಇದರ ರೂಟೈಲ್ ಎಂಬ ರೂಪವು ಕಾಣುವ ಬೆಳಕನ್ನು ಚದುರಿಸಿ ಹಿಂದಕ್ಕೆ ಕಳಿಸುತ್ತದೆ, ನೇರಳಾತೀತ ಕಿರಣಗಳನ್ನು ತಾನೇ ನುಂಗುತ್ತದೆ; ಕೆಳಗಿನ ಎಪಾಕ್ಸಿಗೆ ಹೆಚ್ಚುಕಡಿಮೆ ಕತ್ತಲೆ. ಹಾಗೆ ನೋಡಿದರೆ ಕಪ್ಪು ಬಣ್ಣದ ಇಂಗಾಲದ ಪುಡಿಯೂ ಕಿರಣಗಳನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ಅದು ಶಾಖವನ್ನೂ ಹೀರುತ್ತದೆ. ಒಲೆಯಲ್ಲಿಟ್ಟು ಕಾಯಿಸದೆ ಮಾಮೂಲು ಹವೆಯಲ್ಲಿ ಗಟ್ಟಿಯಾದ ಎಪಾಕ್ಸಿ 50ರಿಂದ 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗತೊಡಗುತ್ತದೆ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಕಪ್ಪು ಮೈ ಅದನ್ನು ಸುಲಭವಾಗಿ ದಾಟುತ್ತದೆ. ಮಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ, ಕಾರವಾರದಲ್ಲಿ ಅದಾದ ಕೆಲವೇ ದಿನಗಳಿಗೆ ಸೂರ್ಯನು ನಡುಹಗಲಿಗೆ ನೆತ್ತಿಯ ಮೇಲೆಯೇ ಇರುತ್ತಾನೆಂಬುದನ್ನು ಮರೆಯಬಾರದು. ಕಡುನೀಲಿ, ಕಡುಗೆಂಪು ನಮ್ಮ ದೋಣಿಗಳಿಗೆ ಮೆಚ್ಚಿನ ಬಣ್ಣಗಳು. ಅವನ್ನು ಅಂಚಿನ ಪಟ್ಟಿಗೂ ದೇವರ ಹೆಸರಿಗೂ ಇಟ್ಟುಕೊಂಡು ಉಳಿದ ಮೈಯನ್ನು ಬಿಳಿಯಾಗಿ ಬಿಡುವುದು ಒಳ್ಳೆಯದು.

ಬಣ್ಣಗಳಲ್ಲಿ ಎರಡು ಡಬ್ಬಿಯ ಪಾಲಿಯುರೇಥೇನ್ ಹೆಚ್ಚು ಬಾಳುತ್ತದೆ. ಇದರಲ್ಲಿಯೂ ಎರಡು ಜಾತಿ. ಬೆಂಜೀನ್ ಉಂಗುರವುಳ್ಳ ಆರೊಮ್ಯಾಟಿಕ್ ಜಾತಿ ಎಪಾಕ್ಸಿಯಂತೆಯೇ ಬಿಸಿಲಿಗೆ ಹಳದಿಯಾಗುತ್ತದೆ. ಉಂಗುರವಿಲ್ಲದ ಆಲಿಫ್ಯಾಟಿಕ್ ಜಾತಿ ತಾಳುತ್ತದೆ. ಕೊಳ್ಳುವಾಗ ಈ ಎರಡನೆಯದನ್ನೇ ಕೇಳಬೇಕು. ದೊಡ್ಡ ಉಕ್ಕಿನ ಹಡಗುಗಳಲ್ಲಿಯೂ ಕೆಳಪದರ ಎಪಾಕ್ಸಿ, ನೀರಿನ ಮೇಲಿರುವ ಭಾಗಕ್ಕೆ ಮೇಲುಪದರ ಪಾಲಿಯುರೇಥೇನ್ ಎಂಬುದು ರೂಢಿಯಾದ ಕ್ರಮ. ಇದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಉಸಿರಿನೊಡನೆ ಒಳಗೆ ಹೋದರೆ ಉಬ್ಬಸ ತರಬಲ್ಲುದು. ಆದುದರಿಂದ ತಕ್ಕ ಮುಖವಾಡವಿಲ್ಲದೆ ಇದನ್ನು ಪಿಚಕಾರಿಯಿಂದ ಹೊಡೆಯಲೇಬಾರದು. ಬ್ರಷ್ಷಿನಿಂದ, ಗಾಳಿಯಾಡುವ ಜಾಗದಲ್ಲಿ ಬಳಿಯಬೇಕು. ಎಪಾಕ್ಸಿಯ ಹಾರ್ಡನರೂ ಬರಿಗೈಗೆ ಸೋಂಕಬಾರದು. ಒಮ್ಮೆ ಮೈಗೆ ಆಗದಂತಾದರೆ ಆಮೇಲೆ ಅದರ ಹತ್ತಿರ ಸುಳಿದರೂ ಚರ್ಮ ದದ್ದರಿಸುತ್ತದೆ.

ಮರದ ಅಂದ ಕಾಣಲೇಬೇಕೆನ್ನುವವರು ವಾರ್ನಿಷ್ ಬಳಿಯುತ್ತಾರೆ. ಅವರ ಆಸೆಯನ್ನು ನಾನು ಹಳಿಯುವುದಿಲ್ಲ. ಆದರೆ ಅದರ ಬೆಲೆಯನ್ನು ತಿಳಿದು ಬಳಿಯಬೇಕು. ವಾರ್ನಿಷ್ ಬೆಳಕನ್ನು ಒಳಕ್ಕೆ ಬಿಡಲೇಬೇಕು, ಇಲ್ಲವಾದರೆ ಮರ ಕಾಣುವುದಿಲ್ಲ. ನೇರಳಾತೀತವನ್ನು ಮಾತ್ರ ಬಿಡಬಾರದು. ಇದಕ್ಕಾಗಿ ದೋಣಿಯ ವಾರ್ನಿಷಿನಲ್ಲಿ ಎರಡು ಬಗೆಯ ದ್ರವ್ಯಗಳನ್ನು ಸೇರಿಸುತ್ತಾರೆ. ಒಂದು ಬಗೆಯದು ಕಿರಣವನ್ನು ಹೀರಿ ಬರಿಯ ಶಾಖವಾಗಿ ಬಿಟ್ಟುಕೊಡುತ್ತದೆ. ಇನ್ನೊಂದು ಬಗೆಯದು, ಹಿಂಡರ್ಡ್ ಅಮೈನ್ ಎಂಬುದು, ಕಡಿದ ನೂಲಿನ ತುದಿಗಳನ್ನು ಹಿಡಿದು ಕೆಡುಕು ಹಬ್ಬದಂತೆ ತಡೆಯುತ್ತದೆ. ಹೀರುವ ದ್ರವ್ಯ ಬಿಸಿಲಿನಲ್ಲಿ ತಾನೂ ಮೆಲ್ಲಗೆ ಸವೆಯುತ್ತದೆ. ಸವೆದ ವಾರ್ನಿಷ್ ಕಣ್ಣಿಗೆ ಇನ್ನೂ ಚೆನ್ನಾಗಿಯೇ ಕಾಣುತ್ತಿರಬಹುದು; ಆದರೆ ಅದು ಆಗಲೇ ತೂತುಬಿದ್ದ ಕೊಡೆ. ಆದುದರಿಂದ ಮೊದಲಿಗೆ ಐದಾರು ಕೈ ಬಳಿದು, ಆಮೇಲೆ ವರ್ಷಕ್ಕೊಮ್ಮೆಯಾದರೂ ಲಘುವಾಗಿ ಉಜ್ಜಿ ಒಂದೆರಡು ಕೈ ಹೊಸದಾಗಿ ಕೊಡಬೇಕು. ನಮ್ಮಂಥ ಬಿಸಿಲುನಾಡಿನಲ್ಲಿ ವರ್ಷಕ್ಕೆರಡು ಸಲವಾದರೂ ಹೆಚ್ಚಲ್ಲ. ಇಷ್ಟು ಬಿಡುವಿರುವವರು ವಿಹಾರಕ್ಕೆ ದೋಣಿ ಇಟ್ಟುಕೊಂಡವರು. ಮೀನಿಗೆ ಹೋಗುವವರಿಗೆ ಇದು ಸಲ್ಲದು.

ಬಣ್ಣವಾಗಲಿ ವಾರ್ನಿಷಾಗಲಿ ನಿಲ್ಲುವುದು ಬಳಿಯುವ ಮೊದಲು ಮಾಡುವ ಕೆಲಸದ ಮೇಲೆ. ಹೊಸದಾಗಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಎಷ್ಟೋ ಸಲ ಮೇಣದಂತೆ ಜಿಡ್ಡಾದ ಒಂದು ಪೊರೆ ಕೂಡುತ್ತದೆ. ಹಾರ್ಡನರಿನ ಅಮೈನ್, ಗಾಳಿಯ ತೇವ, ಇಂಗಾಲದ ಡೈ ಆಕ್ಸೈಡ್ ಮೂರೂ ಸೇರಿ ಆಗುವ ಪೊರೆಯಿದು. ಕರಾವಳಿಯ ತೇವದ ಹವೆಯಲ್ಲಿ, ಅದರಲ್ಲಿಯೂ ರಾತ್ರಿಯ ಇಬ್ಬನಿ ಬಿದ್ದರೆ, ಹೆಚ್ಚು. ಇದರ ಮೇಲೆ ಎಂಥ ಬೆಲೆಬಾಳುವ ಬಣ್ಣವನ್ನು ಬಳಿದರೂ ಸುಲಿದು ಬರುತ್ತದೆ. ಜಿಡ್ಡೆಂದು ತಿಳಿದು ಕೆಲವರು ತಿನ್ನರ್ ಹಾಕಿ ಒರಸುತ್ತಾರೆ. ಅದರಿಂದ ಪೊರೆ ಅತ್ತಿಂದಿತ್ತ ಹರಡುವುದೇ ಹೊರತು ಹೋಗುವುದಿಲ್ಲ. ಈ ಪೊರೆ ನೀರಿನಲ್ಲಿ ಕರಗುತ್ತದೆ. ಸಿಹಿನೀರು, ಪಾತ್ರೆ ತಿಕ್ಕುವ ಒರಟು ನಾರು, ಇಷ್ಟೇ ಸಾಕು. ತೊಳೆದು, ಶುಭ್ರವಾದ ಬಟ್ಟೆಯಿಂದ ಒರಸಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಹೊಳಪೆಲ್ಲ ಹೋಗಿ ಮಾಸಲಾಗುವ ತನಕ ಉಜ್ಜಬೇಕು. ಗಾಜಿನ ಬಟ್ಟೆಯ ನೇಯ್ಗೆ ಕಾಣುವಷ್ಟು ಉಜ್ಜಬಾರದು. ಮೊದಲೇ ಉಜ್ಜಿ ಆಮೇಲೆ ತೊಳೆದರೆ ಪೊರೆಯನ್ನು ಗೀರುಗಳೊಳಕ್ಕೆ ತುಂಬಿದಂತಾಗುತ್ತದೆ. ಎಣ್ಣೆಯಿಂದಾದ ಒಂದೇ ಡಬ್ಬಿಯ ವಾರ್ನಿಷ್, ಎನಾಮೆಲ್ ಬಣ್ಣಗಳು ಕೆಲವು ಹೊಸ ಎಪಾಕ್ಸಿಗಳ ಮೇಲೆ ದಿನಗಟ್ಟಲೆ ಒಣಗದೆ ಅಂಟಂಟಾಗಿಯೇ ಉಳಿಯುವುದುಂಟು. ಆದುದರಿಂದ ಮೊದಲು ಒಂದು ಗೇಣು ಜಾಗದಲ್ಲಿ ಬಳಿದು ನೋಡಿ ಮುಂದುವರಿಯುವುದು ಜಾಣತನ.

ಕೆಟ್ಟುಹೋದುದನ್ನು ಸರಿಪಡಿಸುವಾಗ ಪುಡಿಯಾದುದಕ್ಕೂ ಮರ ಬಿಟ್ಟುದಕ್ಕೂ ಇರುವ ಭೇದವನ್ನು ಅರಿಯಬೇಕು. ಬರಿಯ ಪುಡಿಯಾಗಿದ್ದರೆ ಗಟ್ಟಿ ಪದರ ಸಿಗುವ ತನಕ ಉಜ್ಜಿ ಬಣ್ಣ ಬಳಿಯಬಹುದು. ಬಿಳಿ ಮಚ್ಚೆ ಎದ್ದಿದ್ದರೆ ಮೇಲೆ ಎಷ್ಟು ಬಳಿದರೂ ವ್ಯರ್ಥ. ಬಿಸಿಗಾಳಿಯಿಂದ ಮೆತ್ತಗೆ ಮಾಡಿ, ಹೆರೆದು, ಗಟ್ಟಿ ಮರದ ವರೆಗೆ ಹೋಗಿ, ಮರವನ್ನು ಚೆನ್ನಾಗಿ ಒಣಗಿಸಿ, ಮೊದಲಿನಿಂದ ಆರಂಭಿಸಬೇಕು.

ಈ ಹೊಸ ವಿದ್ಯೆಗಳ ನಡುವೆ ಹಳೆಯದೊಂದನ್ನು ನೆನೆಯದಿದ್ದರೆ ತಪ್ಪಾದೀತು. ಹಿರಿಯರು ದಡಕ್ಕೆಳೆದ ದೋಣಿಯನ್ನು ತೆಂಗಿನ ಮರದಡಿ ಇಟ್ಟು, ಹೆಣೆದ ಮಡಲುಗಳನ್ನು ಹೊದಿಸುತ್ತಿದ್ದರು. ಎಪಾಕ್ಸಿಯ ಹೆಸರನ್ನೇ ಕೇಳದ ಕಾಲದಲ್ಲಿ ಮರ ಸೀಳದಿರಲೆಂದು ಮಾಡುತ್ತಿದ್ದುದು. ನೇರಳಾತೀತಕ್ಕೂ ಮಡಲಿಗಿಂತ ಅಗ್ಗದ ತಡೆಯಿಲ್ಲ. ನೀಲಿ ತಾಡಪಾಲು ಬಂದ ಮೇಲೆ ಮಡಲು ಹೋಯಿತು. ಆ ತಾಡಪಾಲೂ ಪ್ಲಾಸ್ಟಿಕ್ಕೇ. ಬಿಸಿಲಿಗೆ ಅದು ಎಳೆಯೆಳೆಯಾಗಿ ಹರಿದುಹೋಗುವುದನ್ನು ಎಲ್ಲರೂ ಕಂಡಿದ್ದಾರೆ. ಅದನ್ನು ಮೈಗೆ ತಾಗುವಂತೆ ಬಿಗಿದರೆ ಒಳಗೆ ಬೆವರು ನಿಂತು ಮತ್ತೊಂದು ತೊಂದರೆ. ಇನ್ನು ಗೇರುಬೀಜದ ಸಿಪ್ಪೆಯೆಣ್ಣೆಯ ಮಾತು. ಅಜ್ಜಂದಿರು ದೋಣಿಗೆ ಬಳಿಯುತ್ತಿದ್ದ ಈ ಕಪ್ಪೆಣ್ಣೆಯಿಂದ ಕಾರ್ಡನಾಲ್ ಎಂಬ ವಸ್ತುವನ್ನು ತೆಗೆದು, ಅದರಿಂದ ಫೀನಾಲ್ಕಮೈನ್ ಎಂಬ ಹಾರ್ಡನರನ್ನು ತಯಾರಿಸುತ್ತಾರೆ. ತೇವವಿದ್ದಲ್ಲಿಯೂ ಗಟ್ಟಿಯಾಗುವ ಗುಣದಿಂದಾಗಿ ಹಡಗುಗಳ ಎಪಾಕ್ಸಿ ಬಣ್ಣಗಳಲ್ಲಿ ಇದಕ್ಕೆ ಒಳ್ಳೆಯ ಸ್ಥಾನವಿದೆ. ಬಿಸಿಲಿಗೆ ಬಣ್ಣಗೆಡುವ ದೋಷದಿಂದ ಅದೂ ಪಾರಾಗಿಲ್ಲ. ಅದಕ್ಕೂ ಮೇಲೊಂದು ಹೊದಿಕೆ ಬೇಕು. ಮಂಗಳೂರಿನ ಗೇರುಬೀಜದ ಕಾರ್ಖಾನೆಗಳ ಸಿಪ್ಪೆ ಅಷ್ಟು ದೂರ ಹೋಗಿ, ಡಬ್ಬಿಯಾಗಿ ನಮ್ಮ ಬಂದರಿಗೆ ಮರಳಬಹುದೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಒಂದು ಪ್ರತ್ಯೇಕ ಲೇಖನಕ್ಕೆ ಇಟ್ಟುಕೊಂಡಿದ್ದೇನೆ.

ಕೊನೆಗೆ, ಯಾವಾಗ ಬಳಿಯಬೇಕು? ಜೂನ್ 1ರಿಂದ ಜುಲೈ 31ರ ವರೆಗೆ ನಮ್ಮ ರಾಜ್ಯದಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ದುರಸ್ತಿಯ ಕೆಲಸವೆಲ್ಲ ಆಗಲೇ ಬೀಳುತ್ತದೆ. ಮರಗೆಲಸಕ್ಕೂ ಯಂತ್ರದ ಕೆಲಸಕ್ಕೂ ಅದು ಸರಿ. ಎಪಾಕ್ಸಿಗೂ ಬಣ್ಣಕ್ಕೂ ಅದಕ್ಕಿಂತ ಕೆಟ್ಟ ಕಾಲವಿಲ್ಲ. ಡಿಸೆಂಬರಿನಿಂದ ಫೆಬ್ರುವರಿಯ ವರೆಗಿನ ಒಣಹವೆ ಉತ್ತಮ. ಇಬ್ಬನಿ ಆರಿದ ಮೇಲೆ ಆರ೦ಭಿಸಿ, ನೆರಳಿನಲ್ಲಿ ಬಳಿದು, ಸಂಜೆಯ ತೇವ ಇಳಿಯುವ ಮೊದಲು ಮೇಲುಪದರ ಒಣಗುವಂತೆ ನೋಡಿಕೊಳ್ಳಬೇಕು. ಬರಿಯ ಮರಕ್ಕೆ ಮೊದಲ ಕೈ ಎಪಾಕ್ಸಿ ಹಾಕುವುದಿದ್ದರೆ ಮಾತ್ರ ಹೊತ್ತು ಇಳಿಯುವ ಸಮಯ ಒಳ್ಳೆಯದು; ಮರ ಬಿಸಿಯೇರುತ್ತಿರುವಾಗ ಅದರೊಳಗಿನ ಗಾಳಿ ಹಿಗ್ಗಿ ಹೊರಬಂದು ಎಪಾಕ್ಸಿಯಲ್ಲಿ ಗುಳ್ಳೆಗಳನ್ನೆಬ್ಬಿಸುತ್ತದೆ. ಹಳೆಯ ಬಣ್ಣದ ಅವಧಿ ಮುಗಿಯಿತೇ ಎಂದು ತಿಳಿಯಲು ಕಪ್ಪು ಬಟ್ಟೆಯ ತುಂಡೊಂದು ಸಾಕು. ದೋಣಿಯನ್ನು ತೊಳೆದು ಒಣಗಿಸಿ, ಕವುಚಿ ಹಾಕಿ, ತಳದ ಮೇಲೆ ಬಟ್ಟೆಯನ್ನು ಒತ್ತಿ ಎಳೆಯಿರಿ. ಬಟ್ಟೆಗೆ ಬಿಳಿ ಪುಡಿ ಹತ್ತಿದರೆ ಆ ವರ್ಷ ಒಂದು ಕೈ ಬಳಿಯಬೇಕು. ಉಜ್ಜುವುದಕ್ಕೆ ಅರ್ಧ ದಿನ, ಬಳಿಯುವುದಕ್ಕೆ ಅರ್ಧ ದಿನ. ಇಬ್ಬರಿದ್ದರೆ ಪಾತಿದೋಣಿಯೊಂದರ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ.